ಜಾಝ್ ಕೇಳುವ ಆಸೆಯೇ? ಖ್ಯಾಲಿಗೆ ಪಳಗಿದ ಕಿವಿಗೆ ಅರ್ಧ ದಾರಿ ಸವೆದಂತೆ

ವಿಜಯಪುರ: ಜಾಝ್ ಸಂಗೀತವನ್ನು ಕೇಳಬೇಕೆಂಬ ಕುತೂಹಲ ಹಲವರಿಗಿದೆ, ಎಲ್ಲಿಂದ ಆರಂಭಿಸಬೇಕೆಂಬುದು ಮಾತ್ರ ತಿಳಿಯದು. ಮೊಬೈಲಿನಲ್ಲಿ ಆ ಹೆಸರು ಹಾಕಿ ಹುಡುಕಿದರೆ ಸಾವಿರಾರು ಧ್ವನಿಮುದ್ರಿಕೆಗಳು ಒಮ್ಮೆಲೇ ಎದುರು ನಿಲ್ಲುತ್ತವೆ. ಮೊದಲಿಗೆ ಸಿಗುವುದು ಹೋಟೆಲುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಮೆಲ್ಲಗೆ ಹರಿಯುವ ಹಿನ್ನೆಲೆ ವಾದನ. ಇಲ್ಲವೇ ಆದಿ ಅಂತ್ಯ ತಿಳಿಯದ ಅಬ್ಬರ. ಒಂದನ್ನು ಕೇಳಿದವರು ‘ಇಷ್ಟೇನಾ’ ಎನ್ನುತ್ತಾರೆ. ಇನ್ನೊಂದನ್ನು ಕೇಳಿದವರು ‘ಇದು ನಮಗಲ್ಲ’ ಎಂದು ಕೈಬಿಡುತ್ತಾರೆ.

ಈ ವರದಿಗಾರನ ಅನುಭವವೂ ಬೇರೆಯಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದ ದಿನಗಳಲ್ಲಿ, ಹೆಸರು ಆಕರ್ಷಕವಾಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡ ಮೊದಲ ಮುದ್ರಿಕೆ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’. 1960ರ ಡಿಸೆಂಬರಿನಲ್ಲಿ ಮುದ್ರಣಗೊಂಡ ಆ ಕೃತಿಯಲ್ಲಿ ಎರಡು ತಂಡಗಳು, ಎಂಟು ಮಂದಿ, ಸುಮಾರು 37 ನಿಮಿಷ ಬಿಡುವಿಲ್ಲದೆ ನುಡಿಸುತ್ತಾರೆ. ಹತ್ತು ನಿಮಿಷಕ್ಕೆ ನಿಲ್ಲಿಸಿದ್ದಾಯಿತು. ಆಮೇಲೆ ಆರು ವರ್ಷ ಜಾಝ್‌ನ ಗೊಡವೆಗೇ ಹೋಗಲಿಲ್ಲ. ಅಕ್ಷರ ಕಲಿಯುವವನು ಮಹಾಕಾವ್ಯದ ನಡುಸಂಧಿಯನ್ನು ತೆರೆದು ಕೂತಂತಾಗಿತ್ತು. ತಪ್ಪು ಕೃತಿಯದಲ್ಲ, ಪ್ರವೇಶದ್ದು.

ಆದರೆ ಉತ್ತರ ಕರ್ನಾಟಕದ ಕೇಳುಗನಿಗೆ ಹೆಚ್ಚಿನವರಿಗಿಲ್ಲದ ಒಂದು ಅನುಕೂಲವಿದೆ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹಿ (ಆಳ್ವಿಕೆ 1580–1627) ‘ಕಿತಾಬ್–ಎ–ನೌರಸ್’ ಎಂಬ ಗೀತಸಂಗ್ರಹವನ್ನು ರಚಿಸಿ, ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು, ತೊರವಿಯ ಬಳಿ 1599ರಲ್ಲಿ ನೌರಸಪುರವನ್ನೇ ಕಟ್ಟಲು ತೊಡಗಿದ ಊರು ಇದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಅವರ ಖ್ಯಾಲು ಇಲ್ಲಿನ ಮನೆಗಳಲ್ಲಿ ಪರಿಚಿತ. ಒಂದೇ ಬಂದಿಶ್ ಅರ್ಧ ಗಂಟೆ ವಿಸ್ತಾರಗೊಳ್ಳುವುದನ್ನು ತಾಳ್ಮೆಯಿಂದ ಕೇಳಬಲ್ಲವರಿಗೆ ಜಾಝ್‌ನ ಅರ್ಧ ದಾರಿ ಈಗಾಗಲೇ ಸವೆದಿದೆ. ಉಳಿದರ್ಧಕ್ಕೆ ಬೇಕಾದುದು ಸರಿಯಾದ ಬಾಗಿಲು.

ಕೃತಿಯ ಕಟ್ಟಡ ಹೇಗೆ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ಜಾಝ್ ರೂಪುಗೊಂಡಿತು. ಗುಲಾಮಗಿರಿಯ ಕಾಲದ ದುಡಿಮೆಯ ಹಾಡು, ಚರ್ಚಿನ ಪ್ರಾರ್ಥನೆ, ಬ್ಲೂಸ್ ಎಂಬ ಅಳಲಿನ ಹಾಡು, ಮೆರವಣಿಗೆಯ ಬ್ಯಾಂಡು ಎಲ್ಲವೂ ಅದರಲ್ಲಿ ಬೆರೆತವು. ಮುಂದಾಳು ಒಂದು ಸಾಲು ಹೇಳುವುದು, ಉಳಿದವರು ಉತ್ತರ ಕೊಡುವುದು ಅದರ ಮೂಲ ಗುಣ. ಹಲಸಂಗಿ ಸೀಮೆಯ ಗೀಗೀ ಮೇಳದಲ್ಲಿ ಮುಂದಿನವರು ದಪ್ಪು ಬಾರಿಸಿ ಪದ ಎತ್ತಿದೊಡನೆ ಹಿಮ್ಮೇಳದವರು ‘ಗೀಯ ಗಾ’ ಎಂದು ಎತ್ತಿಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರದೇಶಿ–ನಾಗೇಶಿಯ ಸವಾಲು ಜವಾಬಿನ ತಮ್ಮ ಕೂಡ ಜಾಝ್‌ನಲ್ಲಿದ್ದಾನೆ: ಇಬ್ಬರು ವಾದಕರು ತಲಾ ನಾಲ್ಕು ನಾಲ್ಕು ಅಳತೆ ಹಂಚಿಕೊಂಡು ಒಬ್ಬರನ್ನೊಬ್ಬರು ಕೆಣಕುತ್ತಾರೆ.

ಸಾಮಾನ್ಯವಾಗಿ ಜಾಝ್ ಕೃತಿಯೊಂದು ಹೀಗೆ ಸಾಗುತ್ತದೆ. ಮೊದಲು ಎಲ್ಲರೂ ಸೇರಿ ಒಂದು ಚಿಕ್ಕ ರಾಗಸಂಚಾರವನ್ನು ನುಡಿಸುತ್ತಾರೆ, ಇದೇ ಬಂದಿಶ್. ಬಳಿಕ ಒಬ್ಬೊಬ್ಬರಾಗಿ ಅದೇ ಚೌಕಟ್ಟಿನ ಮೇಲೆ ತಮ್ಮ ಮನೋಧರ್ಮಕ್ಕೆ ತಕ್ಕಂತೆ ವಿಸ್ತರಿಸುತ್ತಾರೆ. ಕೊನೆಗೆ ಎಲ್ಲರೂ ಕೂಡಿ ಆರಂಭದ ಸಂಚಾರಕ್ಕೆ ಮರಳುತ್ತಾರೆ. ಚೌಕಟ್ಟು ತಾಳದ ಆವರ್ತನದಂತೆ ಸುತ್ತುತ್ತಲೇ ಇರುತ್ತದೆ. ಬ್ಲೂಸ್ ಪ್ರಕಾರದಲ್ಲಿ ಒಂದು ಸುತ್ತಿಗೆ 12 ಅಳತೆ, ಪ್ರತಿ ಅಳತೆಗೆ 4 ಮಾತ್ರೆ, ಒಟ್ಟು 48 ಮಾತ್ರೆ. ಹಳೆಯ ನಾಟಕದ ಹಾಡುಗಳನ್ನು ಆಧರಿಸಿದವುಗಳಲ್ಲಿ 32 ಅಳತೆ, ಅಂದರೆ 128 ಮಾತ್ರೆ. ಸಮ್ ಎಲ್ಲಿ ಬಂತೆಂದು ಬೆರಳಿನಲ್ಲಿ ಎಣಿಸುವ ಅಭ್ಯಾಸವಿದ್ದವರು ಇಲ್ಲಿಯೂ ಎಣಿಸಬಹುದು. ಮೂರನೆಯ ಸುತ್ತಿಗೆ ಎಣಿಕೆ ತಾನಾಗಿ ನಿಂತು ಕಿವಿಯೇ ಹೇಳತೊಡಗುತ್ತದೆ.

ಎಡವುವ ಜಾಗವೂ ಒಂದಿದೆ. ನಮ್ಮಲ್ಲಿ ತಂಬೂರಿ ಷಡ್ಜವನ್ನು ಹಿಡಿದು ಕೂತಿರುತ್ತದೆ. ಗಾಯಕ ಎಲ್ಲಿಗೆ ಹೋದರೂ ಮನೆ ಅಲ್ಲೇ ಇರುತ್ತದೆ. ಜಾಝ್‌ನಲ್ಲಿ ತಂಬೂರಿಯಿಲ್ಲ. ಪಿಯಾನೊ ಅಥವಾ ಗಿಟಾರು ಏಕಕಾಲಕ್ಕೆ ಹಲವು ಸ್ವರಗಳನ್ನು ಕೂಡಿಸಿ ನುಡಿಸುವ ‘ಕಾರ್ಡ್’ಗಳು ಒಂದರ ಹಿಂದೊಂದು ಬದಲಾಗುತ್ತವೆ. ಪ್ರತಿ ಬದಲಾವಣೆಗೂ ಕಾಲಡಿಯ ನೆಲ ಸ್ವಲ್ಪ ಸರಿಯುತ್ತದೆ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಬೆಳೆಸಿದ ‘ಬೀಬಾಪ್’ ಶೈಲಿಯಲ್ಲಿ ಈ ಬದಲಾವಣೆ ಒಂದು ಅಳತೆಯೊಳಗೇ ಎರಡೆರಡು ಸಲ ಆಗುವುದುಂಟು. ಹಿಂದೂಸ್ತಾನಿ ಕಿವಿ ಇಲ್ಲಿ ದಾರಿ ತಪ್ಪುತ್ತದೆ. ಜಾಝ್ ಕುರಿತ ಪುಸ್ತಕಗಳು ಸಾಮಾನ್ಯವಾಗಿ ಇತಿಹಾಸದ ಕ್ರಮದಲ್ಲಿ, 1917ರ ಮೊದಲ ಧ್ವನಿಮುದ್ರಿಕೆಯಿಂದ ಹೊರಟು ಮುಂದೆ ಬರುವಂತೆ ಸೂಚಿಸುತ್ತವೆ. ನಮ್ಮ ಕಡೆಯ ಕೇಳುಗರಿಗೆ ಆ ಕ್ರಮ ಒಗ್ಗದು ಎಂಬುದು ಈ ವರದಿಗಾರನ ಅಭಿಪ್ರಾಯ. 1959ರಿಂದ ಆರಂಭಿಸಿ ಹಿಂದಕ್ಕೂ ಮುಂದಕ್ಕೂ ಹೋಗುವುದು ಲೇಸು.

ಮೊದಲ ಮುದ್ರಿಕೆ: ‘ಕೈಂಡ್ ಆಫ್ ಬ್ಲೂ’

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ, ಹಿಂದೊಮ್ಮೆ ಚರ್ಚ್ ಆಗಿದ್ದ ಸ್ಟುಡಿಯೊದಲ್ಲಿ ಮುದ್ರಿಸಿದ ಆಲ್ಬಂ ಇದು. ಐದು ಕೃತಿಗಳು, ಸುಮಾರು 45 ನಿಮಿಷ. ಅಮೆರಿಕ ಒಂದರಲ್ಲೇ 50 ಲಕ್ಷ ಪ್ರತಿಗಳ ಮಾರಾಟಕ್ಕೆ ಪ್ರಮಾಣಪತ್ರ ಪಡೆದಿದೆ. ಅದಕ್ಕಾಗಿ ಇದನ್ನು ಸೂಚಿಸುತ್ತಿಲ್ಲ. ಕಾರ್ಡ್‌ಗಳ ಓಟದಿಂದ ಬೇಸತ್ತ ಡೇವಿಸ್ ಇಲ್ಲಿ ಒಂದೊಂದು ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಲ್ಲುವ ಮಾರ್ಗ ಹಿಡಿದರು. ನಮ್ಮವರು ರಾಗದಲ್ಲಿ ನಿಲ್ಲುವಂತೆಯೇ.

ಮೊದಲ ಕೃತಿ ‘ಸೋ ವಾಟ್’ ತೆಗೆದುಕೊಳ್ಳೋಣ. ಅದರ ಸ್ವರಶ್ರೇಣಿಯನ್ನು ಪಾಶ್ಚಾತ್ಯರು ‘ಡೋರಿಯನ್’ ಎನ್ನುತ್ತಾರೆ. ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದೆಲ್ಲ ಶುದ್ಧ: ನಮ್ಮ ಕಾಫಿ ಥಾಟ್, ಕರ್ನಾಟಕ ಪದ್ಧತಿಯ ಖರಹರಪ್ರಿಯ. ಇದರಿಂದ ಅದು ಕಾಫಿ ರಾಗವಾಗದು. ಕಾಫಿಯ ಚಲನೆ, ಮುರುಕಿ ಅಲ್ಲಿಲ್ಲ. ಆದರೂ ಸ್ವರಗಳು ಪರಿಚಿತ. ಮನೆಯಲ್ಲಿ ಪೇಟಿಯಿದ್ದರೆ ಬಿಳಿ ಎರಡನ್ನು ಷಡ್ಜವಾಗಿಟ್ಟು ಒತ್ತಿ ನೋಡಬಹುದು. ಮೊದಲ 16 ಅಳತೆ ಅದೇ ಷಡ್ಜ. ಮುಂದಿನ 8 ಅಳತೆ ಇಡೀ ಶ್ರೇಣಿ ಅರ್ಧ ಸ್ವರ ಮೇಲಕ್ಕೆ, ಕರಿ ಎರಡಕ್ಕೆ ಏರುತ್ತದೆ. ಕೊನೆಯ 8 ಅಳತೆ ಮತ್ತೆ ಕೆಳಗೆ ಬಿಳಿ ಎರಡಕ್ಕೆ. ಒಟ್ಟು 32. ನೆಲ ಸರಿಯುವುದು ಇಷ್ಟೇ, ಸುತ್ತಿಗೆ ಎರಡು ಸಲ. ಆ ಏರಿಕೆಯನ್ನು ಕಿವಿ ಒಮ್ಮೆ ಗುರುತಿಸಿತೆಂದರೆ ಜಾಝ್‌ನ ಹೊಸಿಲು ದಾಟಿದಂತೆ. (ಹಳೆಯ ಮುದ್ರಣಗಳನ್ನು ಪೇಟಿಯ ಜತೆ ಹೋಲಿಸುವವರು ಗಮನಿಸಬೇಕಾದ ಸಂಗತಿಯೊಂದಿದೆ. ಮಾರ್ಚ್ 2ರಂದು ಒಂದು ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ ಮೊದಲ ಮೂರು ಕೃತಿಗಳ ಶ್ರುತಿ ಕೊಂಚ ಮೇಲಿತ್ತು. 1990ರ ದಶಕದ ಮರುಮುದ್ರಣಗಳಲ್ಲಿ ಸರಿಪಡಿಸಲಾಗಿದೆ. ಶ್ರುತಿ ಕೂಡದಿದ್ದರೆ ಪೇಟಿಯನ್ನು ದೂರಬೇಡಿ.)

ಆರಂಭದಲ್ಲಿ ಪಾಲ್ ಚೇಂಬರ್ಸ್ ಅವರ ಡಬಲ್ ಬಾಸ್ ಒಂದು ಮಾತು ಆಡುತ್ತದೆ. ಉಳಿದ ವಾದ್ಯಗಳು ಎರಡೇ ಸ್ವರಗಳಲ್ಲಿ ‘ಆಗಲಿ ಬಿಡು’ ಎಂಬಂತೆ ಉತ್ತರಿಸುತ್ತವೆ. ನಂತರ ಡೇವಿಸ್. ಅವರು ನುಡಿಸುವ ಸ್ವರಗಳಿಗಿಂತ ಬಿಡುವ ಮೌನ ಹೆಚ್ಚು. ಅವರ ಬೆನ್ನಿಗೆ ಟೆನರ್ ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್. ಇವರದು ತಾನಗಳ ಸುರಿಮಳೆ. ಮೂರನೆಯವರು ಆಲ್ಟೊ ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆಡರ್ಲಿ, ನಗುಮೊಗದ ವಾದಕ. ಕೊನೆಗೆ ಪಿಯಾನೊದಲ್ಲಿ ಬಿಲ್ ಇವಾನ್ಸ್. ಒಂದೇ ಬಂದಿಶನ್ನು ನಾಲ್ಕು ಘರಾನೆಯವರು ಒಂದೇ ವೇದಿಕೆಯಲ್ಲಿ, ಒಂಬತ್ತು ನಿಮಿಷದಲ್ಲಿ ಹಾಡಿದಂತೆ. ಮೊದಲ ಬಾರಿ ಇಡಿಯಾಗಿ ಕೇಳಿ. ಎರಡನೆಯ ಬಾರಿ ಬಾಸ್ ಒಂದನ್ನೇ ಹಿಂಬಾಲಿಸಿ. ಮೂರನೆಯ ಬಾರಿ ಜಿಮ್ಮಿ ಕಾಬ್ ಅವರ ಡ್ರಮ್ಸಿನ ಕಂಚಿನ ತಟ್ಟೆಯತ್ತ ಗಮನವಿಡಿ, ಅದೇ ಠೇಕಾ.

ಇಷ್ಟಕ್ಕೆ ಕಿವಿ ಹೊಂದಿಕೊಂಡರೆ ಎರಡನೆಯ ಕೃತಿ ‘ಫ್ರೆಡ್ಡಿ ಫ್ರೀಲೋಡರ್’ನಲ್ಲಿ ಮೇಲೆ ಹೇಳಿದ 12 ಅಳತೆಯ ಬ್ಲೂಸನ್ನು ಎಣಿಸಬಹುದು.

ಈ ಸಂಗೀತದ ನೆಮ್ಮದಿಯನ್ನು ನಂಬಿ ಮೋಸಹೋಗಬಾರದು. ಆಲ್ಬಂ ಬಿಡುಗಡೆಯಾದದ್ದು 1959ರ ಆಗಸ್ಟ್ 17ರಂದು. ಎಂಟು ದಿನಗಳ ನಂತರ, ನ್ಯೂಯಾರ್ಕಿನ ‘ಬರ್ಡ್‌ಲ್ಯಾಂಡ್’ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಡೇವಿಸ್ ವಿರಾಮದಲ್ಲಿ ಹೊರಗೆ ಬಂದು ನಿಂತಿದ್ದಾಗ ಪೊಲೀಸರು ಜಾಗ ಬಿಡುವಂತೆ ಹೇಳಿ, ತಲೆ ಒಡೆಯುವಂತೆ ಹೊಡೆದು ಬಂಧಿಸಿದರು. ಕ್ಲಬ್ಬಿನ ಬಾಗಿಲ ಮೇಲೆ ಅವರದೇ ಹೆಸರಿತ್ತು. 1963ರ ಸೆಪ್ಟೆಂಬರ್ 15ರಂದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ವರ್ಣದ್ವೇಷಿಗಳು ಇಟ್ಟ ಬಾಂಬಿಗೆ ನಾಲ್ವರು ಕಪ್ಪು ಬಾಲಕಿಯರು ಬಲಿಯಾದರು. ಅದೇ ವರ್ಷ ಕೋಲ್ಟ್ರೇನ್ ‘ಅಲಬಾಮಾ’ ಎಂಬ ಐದು ನಿಮಿಷದ ಕೃತಿಯನ್ನು ನುಡಿಸಿದರು. ಅದರಲ್ಲಿ ಮಾತಿಲ್ಲ. ಬಿಲೀ ಹಾಲಿಡೇ 1939ರಲ್ಲಿ ಹಾಡಿದ ‘ಸ್ಟ್ರೇಂಜ್ ಫ್ರೂಟ್’ ಮರಕ್ಕೆ ನೇತುಹಾಕಿ ಕೊಲ್ಲಲ್ಪಟ್ಟ ಕಪ್ಪು ಜನರನ್ನು ಕುರಿತದ್ದು. ಈ ಮೂರನ್ನು ಹಿನ್ನೆಲೆ ಸಂಗೀತವಾಗಿ ಬಳಸಲು ಮನಸ್ಸು ಬಾರದು.

ಅಲ್ಲಿಂದ ಮುಂದೆ

ತಾಳಪ್ರಿಯರು ಎರಡನೆಯ ಹೆಜ್ಜೆಯಾಗಿ ಡೇವ್ ಬ್ರೂಬೆಕ್ ತಂಡದ ‘ಟೈಮ್ ಔಟ್’ (1959) ಹಿಡಿಯಬಹುದು. ಅದರ ‘ಟೇಕ್ ಫೈವ್’ ಐದು ಮಾತ್ರೆಯ ಕೃತಿ, 3+2 ವಿಭಾಗ. ಝಪ್‌ತಾಲದ 2+3 ಬಲ್ಲವರಿಗೆ ವಿಭಾಗ ತಿರುವುಮುರುವಾಗಿ ಕೇಳಿಸಿ ಮೋಜೆನಿಸುತ್ತದೆ. ರಚನೆ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಈ ತಂಡ ಭಾರತದಲ್ಲಿ ಕಛೇರಿಗಳನ್ನು ನೀಡಿತ್ತು.

ಗಾಯನವೇ ಬೇಕೆನ್ನುವವರಿಗೆ ಎಲ್ಲಾ ಫಿಟ್ಜೆರಾಲ್ಡ್. 1960ರ ಬರ್ಲಿನ್ ಕಛೇರಿಯಲ್ಲಿ ‘ಮ್ಯಾಕ್ ದ ನೈಫ್’ ಹಾಡುತ್ತ ನಡುವೆ ಸಾಹಿತ್ಯ ಮರೆತ ಅವರು, ನಿಲ್ಲಿಸದೆ ಅಲ್ಲೇ ಹೊಸ ಸಾಲುಗಳನ್ನು ಕಟ್ಟಿ ಹಾಡಿ ಮುಗಿಸಿದರು. ಅದೇ ಮುದ್ರಿಕೆ ಪ್ರಸಿದ್ಧವಾಯಿತು. ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವ ‘ಸ್ಕ್ಯಾಟ್’ ಪದ್ಧತಿಯನ್ನು ತರಾನಾ ಬಲ್ಲವರು ಕೂಡಲೇ ಗುರುತಿಸುತ್ತಾರೆ. ಲೂಯಿ ಆರ್ಮ್‌ಸ್ಟ್ರಾಂಗ್ ಜತೆಗಿನ ‘ಎಲ್ಲಾ ಆ್ಯಂಡ್ ಲೂಯಿ’ (1956) ಇನ್ನೂ ಮೃದು. ಅಲ್ಲಿಂದ ಆರ್ಮ್‌ಸ್ಟ್ರಾಂಗ್ ಅವರ 1928ರ ‘ವೆಸ್ಟ್ ಎಂಡ್ ಬ್ಲೂಸ್’ಗೆ ಹೋದರೆ ಹಿಂದಕ್ಕೆ ನಡೆಯುವ ದಾರಿ ತೆರೆದಂತೆ. ಮೂರು ನಿಮಿಷದ ಹಳೆಯ ತಟ್ಟೆ, ಸದ್ದೂ ಹಳೆಯದು. ಆದರೆ ಆರಂಭದಲ್ಲಿ ಟ್ರಂಪೆಟ್ ಒಂಟಿಯಾಗಿ ಏರುವ ಆ ಹದಿನೈದು ಸೆಕೆಂಡುಗಳಿಗಾಗಿ ಉಳಿದದ್ದನ್ನು ಸಹಿಸಬಹುದು.

ಕೋಲ್ಟ್ರೇನ್ ಹಿಡಿಸಿದವರಿಗೆ ‘ಮೈ ಫೇವರಿಟ್ ಥಿಂಗ್ಸ್’ (1961) ಇದೆ. ಮೂರರ ನಡೆಯಲ್ಲಿ 13 ನಿಮಿಷಕ್ಕೂ ಮೀರಿದ ವಿಸ್ತಾರ. ದಾದ್ರಾ ಬಲ್ಲವರಿಗೆ ಹತ್ತಿರ. ಅದೇ ವರ್ಷದ ನವೆಂಬರಿನಲ್ಲಿ ಮುದ್ರಿಸಿದ ‘ಇಂಡಿಯಾ’ ಕೃತಿಯಲ್ಲಿ ಎರಡು ಡಬಲ್ ಬಾಸ್‌ಗಳು ತಂಬೂರಿಯಂತೆ ಶ್ರುತಿ ಹಿಡಿಯುತ್ತವೆ. ಪಂಡಿತ್ ರವಿಶಂಕರ್ ಅವರ ಮೇಲಿನ ಗೌರವದಿಂದ ಕೋಲ್ಟ್ರೇನ್ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟರು. ಆ ರವಿ ಕೋಲ್ಟ್ರೇನ್ ಕೂಡ ಸ್ಯಾಕ್ಸೊಫೋನ್ ವಾದಕರೇ.

ಡ್ಯೂಕ್ ಎಲಿಂಗ್ಟನ್ 1963ರಲ್ಲಿ ಭಾರತಕ್ಕೆ ಬಂದು ಹೋದ ಬಳಿಕ ರೂಪುಗೊಂಡ ‘ಫಾರ್ ಈಸ್ಟ್ ಸ್ವೀಟ್’ (1967)ನಲ್ಲಿ ‘ಆಗ್ರಾ’ ಎಂಬ ಕೃತಿ ತಾಜ್‌ಮಹಲನ್ನು ಕುರಿತದ್ದು. ಗೋಳಗುಮ್ಮಟಕ್ಕೆ ಅಂಥ ಭಾಗ್ಯ ಬರಲಿಲ್ಲ.

ಕರ್ನಾಟಕದ ಬಾಗಿಲು

ಅಮೆರಿಕನ್ನರ ಹೆಸರುಗಳಿಂದಲೇ ದಣಿವಾಯಿತೆನ್ನುವವರು ಮಂಗಳೂರಿನ ಮೂಲಕವೂ ಒಳಹೋಗಬಹುದು. ಕದ್ರಿ ಗೋಪಾಲನಾಥ್ (1949–2019) ನಾಗಸ್ವರ ವಾದಕರ ಮನೆತನದಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಬಿಡಿ ಬಿಡಿ ಕೀಲಿಗಳ ಆ ವಾದ್ಯದಲ್ಲಿ ಗಮಕ ತರುವುದು ಆಗದ ಮಾತು ಎನ್ನುತ್ತಿದ್ದ ಕಾಲದಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿ ಕರ್ನಾಟಕ ಸಂಗೀತವನ್ನು ಅದರಲ್ಲಿ ನೆಲೆಗೊಳಿಸಿದರು. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ವೇದಿಕೆ ಏರಿ ಜತೆಗೂಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮೆನಾಡ್ ಕಛೇರಿ, 2004ರಲ್ಲಿ ಪದ್ಮಶ್ರೀ.

ಜಾಝ್ ಕೇಳುಗನಿಗೆ ಅವರ ಮುಖ್ಯ ಮುದ್ರಿಕೆ ‘ಕಿನ್ಸ್‌ಮೆನ್’ (2008). ಅದರಲ್ಲಿ ಜತೆಗಿರುವವರು ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ರುದ್ರೇಶ್ ಮಹಂತಪ್ಪ. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ. ಒಂದೇ ವಾದ್ಯವನ್ನು ಎರಡು ಸಂಪ್ರದಾಯದವರು ಹೇಗೆ ನುಡಿಸುತ್ತಾರೆಂಬುದನ್ನು ಅಕ್ಕಪಕ್ಕದಲ್ಲಿ ಕೇಳಬಹುದು: ಕದ್ರಿಯವರ ಸ್ವರ ಸದಾ ಜಾರುತ್ತದೆ, ಮಹಂತಪ್ಪ ಅವರದು ಮೊನಚಾಗಿ ಕಡಿದು ನಿಲ್ಲುತ್ತದೆ. ಯಾರು ಯಾರೆಂದು ಕಣ್ಣುಮುಚ್ಚಿ ಹೇಳಬಲ್ಲವರಿಗೆ ಜಾಝ್‌ನ ‘ಧ್ವನಿ’ ಎಂಬ ಮಾತು ಅರ್ಥವಾಗಿದೆ ಎಂದೇ ತಿಳಿಯಬೇಕು.

ಇದಕ್ಕೂ ಹಿಂದೆ, 1983ರಲ್ಲಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಜರ್ಮನಿಯ ಇಸಿಎಂ ಕಂಪನಿಗಾಗಿ ‘ಜ್ಯೋತಿ’ ಎಂಬ ಆಲ್ಬಂ ಮುದ್ರಿಸಿತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜತೆಗೆ ಘಟ, ಖಂಜಿರ, ಕೊನ್ನಕ್ಕೋಲು. ಮರಿಯಾನೊ ಸ್ವತಃ ನಾಗಸ್ವರ ಕಲಿತವರು. ಜಾಝ್ ಮತ್ತು ನಮ್ಮ ಸಂಗೀತವನ್ನು ಬೆರೆಸಿದ ಮುದ್ರಿಕೆಗಳಲ್ಲಿ ಅಲಂಕಾರಕ್ಕೆ ಒಂದಿಷ್ಟು ತಬಲ ಸೇರಿಸಿದವೇ ಹೆಚ್ಚು. ‘ಜ್ಯೋತಿ’ ಆ ಸಾಲಿಗೆ ಸೇರುವುದಿಲ್ಲ. ಜಾನ್ ಮೆಕ್ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರ ‘ಶಕ್ತಿ’ ತಂಡದ ಮೊದಲ ಆಲ್ಬಂ (1976) ಹೆಚ್ಚು ಪ್ರಸಿದ್ಧ. ಆ ತಂಡ 2023ರ ‘ದಿಸ್ ಮೊಮೆಂಟ್’ಗೆ 2024ರಲ್ಲಿ ಗ್ರ್ಯಾಮಿ ಪಡೆಯಿತು, ಅದೇ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ನಿಧನರಾದರು.

ಹಿಂದಿ ಚಿತ್ರಗೀತೆಗಳ ಮೂಲಕವೂ ಜಾಝ್ ನಮ್ಮ ಕಿವಿಗೆ ಬಿದ್ದಿದೆ. ಗೋವಾದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಸಿ. ರಾಮಚಂದ್ರ ಅವರಿಗೆ ಸಹಾಯಕರಾಗಿದ್ದರು. ‘ಅಲ್ಬೇಲಾ’ (1951) ಚಿತ್ರದ ಹಾಡೊಂದರಲ್ಲಿ ತಮ್ಮ ತಂಡದೊಡನೆ ತೆರೆಯ ಮೇಲೂ ಬಂದಿದ್ದಾರೆ.

ಕೇಳುವ ಬಗೆ

ಮೊಬೈಲಿನ ಸ್ಪೀಕರಿನಲ್ಲಿ ಡಬಲ್ ಬಾಸ್ ಬಹುತೇಕ ಕೇಳಿಸದು. ಬಾಸ್ ಇಲ್ಲದ ಜಾಝ್ ಎಂದರೆ ಡಗ್ಗಾ ಇಲ್ಲದ ತಬಲ. ಸಾಧಾರಣ ಬೆಲೆಯದಾದರೂ ಸರಿ, ಇಯರ್‌ಫೋನ್ ಬಳಸಿ. ತಿಕೋಟಾ ಅಥವಾ ಬಬಲೇಶ್ವರದಿಂದ ನಿತ್ಯ ನಗರಕ್ಕೆ ಬಸ್ಸಿನಲ್ಲಿ ಬಂದು ಹೋಗುವವರಿಗೆ ‘ಸೋ ವಾಟ್’ ಎರಡು ಸಲ ಕೇಳಲು ದಾರಿಯ ಹೊತ್ತು ಸಾಕು. ‘ಕೈಂಡ್ ಆಫ್ ಬ್ಲೂ’ ಇಡಿಯಾಗಿ ಕೇಳಲು ಮನೆಯ ರಾತ್ರಿಯೇ ಆಗಬೇಕು. ಒಂದು ವಾರ ಒಂದೇ ಆಲ್ಬಂ ಇರಲಿ. ದಿನಕ್ಕೊಂದು ಹೊಸದು ಹುಡುಕುವವರು ಹೆಸರುಗಳನ್ನಷ್ಟೇ ಕಲಿಯುತ್ತಾರೆ.

ಡೇವಿಸ್ ಅವರದೇ ಆದ ‘ಬಿಚಸ್ ಬ್ರೂ’ (1970), ಕೋಲ್ಟ್ರೇನ್ ಅವರ ಕೊನೆಯ ವರ್ಷಗಳ ಮುದ್ರಿಕೆಗಳು, ಮೇಲೆ ಹೇಳಿದ ‘ಫ್ರೀ ಜಾಝ್’ ಇವುಗಳನ್ನು ಮೊದಲ ಕೆಲವು ತಿಂಗಳು ಪಕ್ಕಕ್ಕಿಡುವುದು ಒಳಿತು. ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ (1965) ದೇವರಿಗೆ ಅರ್ಪಿಸಿದ ನಾಲ್ಕು ಭಾಗಗಳ ಕೃತಿ. ಅದನ್ನು ಎಷ್ಟು ಬೇಗ ಬೇಕಾದರೂ ಕೇಳಬಹುದು.

ಹುಡುಕುವಾಗ ಹಾಡಿನ ಹೆಸರಷ್ಟೇ ಕೊಟ್ಟರೆ ಸಾಲದು. ಜಾಝ್‌ನಲ್ಲಿ ಒಂದೇ ಹಾಡನ್ನು ನೂರಾರು ಮಂದಿ ನುಡಿಸಿರುತ್ತಾರೆ; ‘ಟೇಕ್ ಫೈವ್’ ಎಂದು ಹಾಕಿದರೆ ಮದುವೆ ಬ್ಯಾಂಡಿನ ಆವೃತ್ತಿಯೂ ಸಿಕ್ಕೀತು. ವಾದಕರ ಹೆಸರು, ಆಲ್ಬಮ್ಮಿನ ಹೆಸರು, ವರ್ಷ ಈ ಮೂರನ್ನೂ ಸೇರಿಸಿ ಹುಡುಕಿ. ‘ರಿಮಾಸ್ಟರ್ಡ್’ ಎಂದಿದ್ದರೆ ಸದ್ದು ಶುದ್ಧಗೊಳಿಸಿದ್ದು ಎಂದರ್ಥ, ಆರಿಸಿಕೊಳ್ಳಬಹುದು. ‘ಆಲ್ಟರ್ನೇಟ್ ಟೇಕ್’ ಎಂದಿದ್ದರೆ ಅದು ಅಂದು ಬಿಡುಗಡೆಗೆ ಆರಿಸದೆ ಉಳಿಸಿದ ಇನ್ನೊಂದು ಯತ್ನ; ಮೊದಲ ಸಲಕ್ಕೆ ಬೇಡ, ಮೂಲ ಬಾಯಿಪಾಠವಾದ ಮೇಲೆ ಕೇಳಿ.